ಸುಮಿತ್ರವ್ವ ಮತ್ತು ಕೆಂಪು ಜುಟ್ಟಿನ ಹಕ್ಕಿ

ಸುಮಿತ್ರವ್ವನಿಗೆ ಸಿಟ್ಟು ಬೇಗ ಬರುವುದಿಲ್ಲ. ಬಂದರೆ ಮಾತ್ರ ಕರೆಯದೆ ಬಂದ ನೆಂಟನ ಹಾಗೆ ತಳವೂರಿಬಿಡುತ್ತದೆ. ಗದಗಿನಲ್ಲಿ ಹುಟ್ಟಿ, ಅಮೆರಿಕದ ಟೆಕ್ಸಸ್ಸಿನ ಯೂಲೆಸ್ ಊರಿನ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿ ನಿಂತು ನಿಂತು ಮಂಡಿ ಸವೆಸಿಕೊಂಡ ಈ ಹೆಂಗಸಿಗೆ ಐವತ್ತು ದಾಟಿದ ಮೇಲೆ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹಿಡಿಯಿತು. ಕೊಕ್ಕರೆಯನ್ನು ಯಾರು ಬೇಕಾದರೂ ತೆಗೆದಾರು, ಅದು ನಿಂತೇ ಇರುತ್ತದೆ ಎನ್ನುವಳು. ಅವಳಿಗೆ ಬೇಕಾದದ್ದು ಕಿಂಗ್ಲೆಟ್. ಚಳಿಗಾಲಕ್ಕೆ ಟೆಕ್ಸಸ್ಸಿಗೆ ಬರುವ ಹೆಬ್ಬೆರಳುದ್ದದ ಹಕ್ಕಿ. ಒಂದು ರೆಂಬೆಯ ಮೇಲೆ ಒಂದು ಕ್ಷಣ ಕೂತರೆ ನಮ್ಮ ಪುಣ್ಯ. ಗಂಡಿನ ನೆತ್ತಿಯಲ್ಲಿ ಕೆಂಪು ಜುಟ್ಟಿದೆ, ಸಿಟ್ಟು ಬಂದಾಗ ಮಾತ್ರ ಅದನ್ನು ಎತ್ತಿ ತೋರಿಸುತ್ತದೆ. ಆ ಜುಟ್ಟಿಗಾಗಿ ಸುಮಿತ್ರವ್ವ ಮನೆ ಹಿಂದಿನ ಹಳ್ಳದ ಓಕ್ ಮರದಡಿ ನಾಲ್ಕು ಚಳಿಗಾಲ ಕಾದಿದ್ದಳು.

ಹಯಗ್ರೀವ ಮೈಸೂರಿನವನು. ಅಲ್ಲೇ ಹತ್ತಿರದ ಫ್ಲವರ್ ಮೌಂಡ್‌ನಲ್ಲಿ ಮನೆ, ಲಾಸ್ ಕೊಲಿನಾಸ್‌ನಲ್ಲಿ ದೊಡ್ಡ ಕೆಲಸ, ಅದಕ್ಕಿಂತ ದೊಡ್ಡ ಲೆನ್ಸ್. ಕನ್ನಡ ಸಂಘದಲ್ಲಿ ಪರಿಚಯವಾಗಿ, "ಮೇಡಂ, ನಂಗೂ ಸ್ವಲ್ಪ ಹೇಳ್ಕೊಡಿ" ಎಂದು ಬೆನ್ನು ಹತ್ತಿದ. ಹಕ್ಕಿಯ ಹಿಂದೆ ಕ್ಯಾಮೆರಾ ಓಡಿಸಬೇಡಿ, ಅದು ಮುಂದೆ ಕೂರುವ ರೆಂಬೆಗೆ ಫೋಕಸ್ ಇಟ್ಟು ಕಾಯಿರಿ ಎಂದು ಇವಳು ಹೇಳಿಕೊಟ್ಟಳು. ಹಳ್ಳದ ದಾರಿಯುದ್ದಕ್ಕೂ ನಾಲ್ಕು ಚಳಿಗಾಲ ಕಾದ ತನ್ನ ಕಥೆ ಹೇಳಿದಳು. ಮರವನ್ನೂ ತೋರಿಸಿದಳು.

ಒಂದು ಬೆಳಿಗ್ಗೆ ನೀರಿನ ಬಾಟಲಿ ತರಲು ಮನೆಗೆ ಹೋಗಿ ಬಂದರೆ, ಅವನ ಪಕ್ಕದ ಹುಲ್ಲಿನೊಳಗಿಂದ ಕಿಂಗ್ಲೆಟ್ ಹಾಡುತ್ತಿತ್ತು. ಹಕ್ಕಿಯಲ್ಲ, ಸ್ಪೀಕರ್. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ನಂಬಿದ ನಿಜವಾದ ಹಕ್ಕಿ ಜುಟ್ಟು ನಿಗುರಿಸಿ, ಕಾಣದ ವೈರಿಯನ್ನು ಹುಡುಕುತ್ತ ರೆಂಬೆಯಿಂದ ರೆಂಬೆಗೆ ಒದ್ದಾಡುತ್ತಿತ್ತು. ಅವನ ಕ್ಯಾಮೆರಾ ಪಟಪಟನೆ ಬಡಿಯುತ್ತಿತ್ತು.

"ಬಂದ್ ಮಾಡ್ರಿ ಅದನ್ನ."

"ಒಂದೇ ಒಂದ್ಸಲ ಮೇಡಂ. ಯಾರಿಗೂ ಗೊತ್ತಾಗಲ್ಲ."

ಆಮೇಲೆ ಆ ಹಕ್ಕಿ ಮರದ ಕಡೆ ಸುಳಿಯಲಿಲ್ಲ.

ಅದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಸಂಘದ ಯುಗಾದಿ ಫೋಟೋ ಸ್ಪರ್ಧೆಯಲ್ಲಿ ಆ ಬೆಳಗಿನ ಫೋಟೋಕ್ಕೇ ಮೊದಲ ಬಹುಮಾನ ಹಿಡಿದು ಹಯಗ್ರೀವ ಮೈಕಿನಲ್ಲಿ ಹೇಳಿದ: "ಈ ಜುಟ್ಟಿಗೆ ನಾಲ್ಕು ಚಳಿಗಾಲ ಕಾದಿದ್ದೀನಿ. ಮಂಡಿ ಹೋಯ್ತು, ಹಟ ಹೋಗ್ಲಿಲ್ಲ." ಅಷ್ಟೂ ಅವಳ ಮಾತು. ಮಂಡಿನೋವು ಕೂಡ ಅವಳದೇ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗಂಡ ಬಾಳಪ್ಪನೂ ತಟ್ಟತೊಡಗಿ, ಹೆಂಡತಿಯ ಮುಖ ನೋಡಿ ಕೈ ಇಳಿಸಿದ.

"ಹೋಗ್ಲಿ ಬಿಡ," ಎಂದ ಕಾರಿನಲ್ಲಿ. "ಹೇಳಿದ್ರ ಹೊಟ್ಟಿಕಿಚ್ಚು ಅಂತಾರ."

"ಹೇಳೂದಿಲ್ಲ. ತೋರಸ್ತೇನಿ."

ಆ ಸಂಘದಲ್ಲಿ ಒಂದು ಪದ್ಧತಿಯಿದೆ. ಈ ವರ್ಷ ಗೆದ್ದವರೇ ಮುಂದಿನ ವರ್ಷದ ತೀರ್ಪುಗಾರರು. ಹೆಸರಿಲ್ಲದ ಫೋಟೋಗಳನ್ನು ವೇದಿಕೆಯ ಮೇಲೇ ಮೊದಲ ಸಲ ನೋಡಿ, ಜನರೆದುರು ತೀರ್ಪು ಕೊಡಬೇಕು. ಸುಮಿತ್ರವ್ವ ವರ್ಷವಿಡೀ ಹಯಗ್ರೀವನನ್ನು ಕಂಡಲ್ಲೆಲ್ಲ ನಕ್ಕಳು. ದೀಪಾವಳಿಗೆ ಕರದಂಟು ಕಳಿಸಿದಳು. ಮಾರ್ಚ್ ಬಂದಾಗ ಫೋನ್ ಮಾಡಿದಳು.

"ಹಳ್ಳದ ಆಚಿ ದಂಡಿಗೆ ಮತ್ತೊಂದು ಗಂಡು ಬಂದೈತ್ರಿ. ಶನಿವಾರ ನನಗ ಡ್ಯೂಟಿ ಐತಿ, ನೀವರ ಹೋಗ್ರಿ."

ಡ್ಯೂಟಿ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಸೀಡರ್ ಪೊದೆಯ ಹಿಂದೆ ಮಂಡಿಯೂರಿ ಕೂತಿದ್ದಳು. ಹಯಗ್ರೀವ ಬಂದ, ಸ್ಪೀಕರ್ ಇಟ್ಟ, ಬೋರಲು ಮಲಗಿದ. ಹಕ್ಕಿ ಎಷ್ಟು ಕೆರಳಿತ್ತೆಂದರೆ ನೇರ ಸ್ಪೀಕರಿನ ಮೇಲೇ ಬಂದು ಕೂತಿತು. ಅವನ ಉದ್ದ ಲೆನ್ಸಿಗೆ ಅಷ್ಟು ಹತ್ತಿರದ್ದು ಫೋಕಸ್ ಆಗದು. ಅವನು ಬಾಯಿ ಬಿಟ್ಟುಕೊಂಡು ನೋಡಿದ. ಪೊದೆಯ ಹಿಂದಿನಿಂದ ಎಲ್ಲವೂ ಸಿಕ್ಕಿತು. ಹಕ್ಕಿ, ಸ್ಪೀಕರ್, ಮನುಷ್ಯ, ಮೂರೂ ಸುಮಿತ್ರವ್ವನ ಒಂದೇ ಫೋಟೋದಲ್ಲಿ ಬಂದವು.

ಮಗಳು ವೈಷ್ಣವಿ ಕಂಪ್ಯೂಟರಿನಲ್ಲಿ ನೋಡಿದವಳೇ, "ಅಮ್ಮಾ, ದಿಸ್ ಈಸ್ ಯುವರ್ ಬರ್ಡ್. ಜಸ್ಟ್ ಕ್ರಾಪ್ ಹಿಮ್ ಔಟ್," ಎಂದಳು. ಅಮ್ಮ ಕ್ರಾಪ್ ಮಾಡಿದಳು. ಮನುಷ್ಯ ಹೋದ, ಸ್ಪೀಕರ್ ಹೋಯಿತು, ಕೆಂಪು ಜುಟ್ಟಿನ ಹಕ್ಕಿಯೊಂದೇ ಉಳಿಯಿತು. ಇಷ್ಟು ವರ್ಷ ಕನಸಿನಲ್ಲಿ ಕಂಡದ್ದು ಇದೇ. ಬಹಳ ಹೊತ್ತು ನೋಡಿ, ಹಯಗ್ರೀವನನ್ನು ಮತ್ತೆ ಫೋಟೋದೊಳಗೆ ಕರೆದುಕೊಂಡಳು.

"ಹಕ್ಕಿ ಮುಂದಿನ ವರ್ಷನೂ ಬರ್ತೈತಿ," ಎಂದಳು.

ಯುಗಾದಿಯ ದಿನ ಹಯಗ್ರೀವ ರೇಷ್ಮೆ ಜುಬ್ಬಾ ತೊಟ್ಟು ವೇದಿಕೆಯ ಮೇಲೆ ಒಂದೊಂದೇ ಫೋಟೋ ಬದಲಿಸಿ ಬೆಳಕು, ತಾಳ್ಮೆ, ಸಂಯಮ ಎಂದು ವಿವರಿಸುತ್ತಿದ್ದ. ಹಾಗೆ ಬದಲಿಸುತ್ತಿರುವಾಗ ಪರದೆಯ ಮೇಲೆ ಅವನೇ ಬಂದ. ಬೋರಲು ಬಿದ್ದಿದ್ದಾನೆ, ಬಾಯಿ ತೆರೆದಿದೆ, ಮೊಣಕೈ ಪಕ್ಕದ ಸ್ಪೀಕರಿನ ಮೇಲೆ ಹಕ್ಕಿ ಜುಟ್ಟೆತ್ತಿ ನಿಂತಿದೆ. ಜನ ಮೊದಲು ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಹಯಗ್ರೀವ ಮುಂದಿನ ಫೋಟೋಕ್ಕೆ ಹೋಗಲು ಗುಂಡಿ ಒತ್ತುತ್ತಲೇ ಇದ್ದ. ಮುಂದೆ ಇನ್ನೊಂದು ಇರಲಿಲ್ಲ.

ಸುಮಿತ್ರವ್ವ ಮೆಟ್ಟಿಲು ಹತ್ತಿ ಹೋಗಿ ಮೈಕ್ ತೆಗೆದುಕೊಂಡಳು.

"ಈ ಫೋಟೋಕ್ಕ ನಾ ಭಾಳ ಕಾಯಲಿಲ್ರಿ. ಇವರು ಸ್ಪೀಕರ್ ಹಚ್ಚಿದ್ರು, ಹಕ್ಕಿ ಬಂತು. ನಾ ಫೋನ್ ಹಚ್ಚಿದ್ದೆ, ಇವರು ಬಂದ್ರು."

ಮೈಕನ್ನು ಅವನ ಕೈಗಿಟ್ಟು, "ತೀರ್ಪು ಹೇಳ್ರಿ," ಎಂದು ಅಲ್ಲೇ ನಿಂತಳು. ಅವನು ಮೈಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಸುಮಿತ್ರವ್ವ ಇಳಿಯಲಿಲ್ಲ. ಕಾಯುವುದು ಅವಳಿಗೆ ಹೊಸದೇನೂ ಅಲ್ಲ.