ಸಿಸ್ಟರ್ ಸಹಿ ಮಾಡದ ಪಟ್ಟಿ

ಅವರ ಹಣೆಯ ನಡುವೆ, ಕುಂಕುಮದ ಜಾಗದಲ್ಲಿ, ಒಂದು ಬಿಳಿ ಬೊಟ್ಟಿತ್ತು. ಇಟ್ಟುಕೊಂಡದ್ದಲ್ಲ, ಚರ್ಮವೇ ಬಣ್ಣ ಕಳೆದುಕೊಂಡು ಹಾಗಾದದ್ದು. ಎಷ್ಟೋ ವರ್ಷ ಒಂದೇ ಜಾಗದಲ್ಲಿ ಅಂಟಿಸಿಕೊಂಡ ಟಿಕಳಿಯ ಹಿಂದಿನ ಅಂಟು ಅಷ್ಟು ಅಗಲದ ಬಣ್ಣವನ್ನು ತಿಂದುಹಾಕಿತ್ತು. ಬೇರೆಯವರಾಗಿದ್ದರೆ ಅದರ ಮೇಲೆ ಇನ್ನೂ ದೊಡ್ಡದೊಂದು ಟಿಕಳಿ ಅಂಟಿಸಿ ಮುಚ್ಚುತ್ತಿದ್ದರು. ಇವರು ಹಾಗೇ ಬಿಟ್ಟಿದ್ದರು. ಯಾರಾದರೂ ನೋಡಿಯೂ ನೋಡದವರಂತೆ ಮುಖ ತಿರುಗಿಸಿದರೆ ತಾವೇ ಬೆರಳಿಟ್ಟು ತೋರಿಸಿ, "ಅಂಟು ಅಂದ್ರ ಏನಂತ ನನ್ನ ಹಣಿನ್ನ ಕೇಳ್ರಿ" ಎನ್ನುತ್ತಿದ್ದರು.

ನಾವೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ಪುಣೆಯ ಒಂದು ದೊಡ್ಡ ಆಸ್ಪತ್ರೆಯ ಡ್ರೆಸಿಂಗ್ ಕೋಣೆಯಲ್ಲಿ ಗಾಯ ತೊಳೆದು, ಕಟ್ಟಿ, ಬಿಚ್ಚಿ ನಿವೃತ್ತರಾದವರು. ಮೂಲ ವಿಜಯಪುರದ ಕಡೆಯವರು. ಮದುವೆಯಾಗಿ ಪುಣೆ ಹತ್ತಿರದ ದೌಂಡಿನ ರೈಲ್ವೆ ಕ್ವಾರ್ಟರ್ಸಿಗೆ ಬಂದು, ಅಲ್ಲಿಂದಲೇ ದಿನವೂ ಗಾಡಿ ಹಿಡಿದು ಡ್ಯೂಟಿಗೆ ಹೋಗಿ ಬಂದವರು. ಗಂಡ ತೀರಿಕೊಂಡ ಮೇಲೆ ಪುಣೆಯ ಕೋಥರೂಡಿನಲ್ಲಿ ಮಗಳ ಮನೆಯಲ್ಲಿದ್ದರು. ನಮ್ಮದು ಗಾಯಕ್ಕೆ ಅಂಟಿಸುವ ಪಟ್ಟಿ ಮಾಡುವ ಸಣ್ಣ ಕಾರ್ಖಾನೆ. ಮಾಲಕರು ಅವರನ್ನು ವಾರಕ್ಕೆ ಮೂರು ದಿನ ಕರೆಸಿಕೊಳ್ಳುತ್ತಿದ್ದರು. ಯಾವ ಹೊಸ ಮಾಲೂ ಅವರ ಸಹಿ ಇಲ್ಲದೆ ಆಸ್ಪತ್ರೆಗೆ ಪರೀಕ್ಷೆಗೆ ಹೋಗಕೂಡದು ಎಂಬುದು ಮಾಲಕರ ಕಟ್ಟಪ್ಪಣೆ, ಏಕೆಂದರೆ ಆಸ್ಪತ್ರೆಯವರು ನಂಬುತ್ತಿದ್ದುದು ಆ ಸಹಿಯನ್ನು.

ನಾನು ಆಗ ಹೊಸದಾಗಿ ಸೇರಿದ್ದ ಎಂಜಿನಿಯರ್ ಹುಡುಗಿ. ಬಾಗಲಕೋಟೆಯ ಮನೆತನ, ಬೆಳೆದದ್ದೆಲ್ಲ ಪುಣೆಯಲ್ಲಿ. ಪಾಲಿಮರ್ ಓದಿದ್ದೆ, ಮೊದಲ ದರ್ಜೆಯಲ್ಲಿ ಪಾಸಾಗಿದ್ದೆ, ಹಾಗಾಗಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದುಕೊಂಡಿದ್ದೆ. ಅಲ್ಲಿಯವರೆಗೆ ನಮ್ಮಲ್ಲಿ ಬಟ್ಟೆಯ ಪಟ್ಟಿ ಮಾತ್ರ ಆಗುತ್ತಿತ್ತು. ತೆಳು ಪದರಿನ, ನೀರು ಒಳಗೆ ಬಿಡದ, ಒಳಗಿನ ಬೆವರಿನ ಆವಿಯನ್ನು ಮಾತ್ರ ಹೊರಗೆ ಬಿಡುವ ಪಟ್ಟಿಯನ್ನು ಇಲ್ಲೇ ಮಾಡಬೇಕೆಂಬ ಆಸೆ ಮಾಲಕರಿಗೆ ಹುಟ್ಟಿತ್ತು. ನನ್ನ ಕೈಗೆ ಆ ಕೆಲಸ ಕೊಟ್ಟು, "ಮುಂದಿನ ಬೇಸಗೆಯೊಳಗೆ ಆಗದಿದ್ದರೆ ಹೊರದೇಶದ ರೋಲು ತರಿಸಿ, ಕತ್ತರಿಸಿ, ನಮ್ಮ ಡಬ್ಬಿಗೆ ಹಾಕುವುದು" ಎಂದು ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಯಾರೋ ಮಾಡಿದ್ದನ್ನು ಕತ್ತರಿಸಿ ಡಬ್ಬಿಗೆ ತುಂಬುವುದಕ್ಕೆ ಎಂಜಿನಿಯರ್ ಯಾಕೆ ಬೇಕು? ನನ್ನ ಮಾನವೆಲ್ಲ ಆ ಪಟ್ಟಿಗೆ ಅಂಟಿಕೊಂಡಿತ್ತು.

ಮೊದಲ ನಮೂನೆ ಮಾಡಿದ ದಿನ ಸಿಸ್ಟರ್ ಮುಂದೆ ನನ್ನ ಅಂಕಿಗಳನ್ನೆಲ್ಲ ಹರವಿ ಕೂತೆ. ಬಟ್ಟಲಲ್ಲಿ ನೀರು ತುಂಬಿ, ಬಾಯಿಗೆ ಪದರು ಬಿಗಿದು, ಮರುದಿನ ತೂಗಿ ಎಷ್ಟು ಆವಿ ಹೊರಗೆ ಹೋಯಿತು ಎಂದು ನೋಡುವ ಪರೀಕ್ಷೆ ಅದು. ನನ್ನ ಪದರು ಚೆನ್ನಾಗಿ ಪಾಸಾಗಿತ್ತು. ಅವರು ಕಾಗದ ನೋಡಲೇ ಇಲ್ಲ. ಒಂದು ಪಟ್ಟಿ ತೆಗೆದು ತಮ್ಮ ಮುಂಗೈಗೆ ಅಂಟಿಸಿಕೊಂಡು, ಡಬ್ಬಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು, ನನಗೂ ಒಂದು ರೊಟ್ಟಿ ಕೊಟ್ಟು, "ನಾಡಿದ್ದ ಮಾತಾಡೋಣ್ರಿ ಎಂಜಿನಿಯರ್ ಬಾಯಿ" ಎಂದು ಬಸ್ಸಿಗೆ ಹೊರಟುಹೋದರು.

ಎರಡು ದಿನ ಬಿಟ್ಟು ಬಂದವರು ನನ್ನೆದುರೇ ಪಟ್ಟಿ ಬಿಡಿಸಿದರು. ಅವರು ಪಟ್ಟಿಯನ್ನು ಮೇಲಕ್ಕೆ ಎಳೆಯುತ್ತಲೇ ಇರಲಿಲ್ಲ. ಒಂದು ಕೈಯಲ್ಲಿ ಚರ್ಮವನ್ನು ಒತ್ತಿ ಹಿಡಿದು, ಇನ್ನೊಂದರಲ್ಲಿ ಪಟ್ಟಿಯನ್ನು ಮಡಚಿಕೊಂಡು, ಚರ್ಮಕ್ಕೆ ತಾಗಿದ ಹಾಗೇ ಸರಿಸುತ್ತ ಹೋಗುವರು. "ಅಂಟಸಾಕ ಯಾರಿಗೂ ಬರತದ. ತಗಿಯೂದು ನೋಡ್ಕೋರಿ" ಎಂದರು. ನಾನು ಮೊದಲು ನೋಡಿದ್ದು ಮಾತ್ರ ಒಳಗಿನ ಚರ್ಮವನ್ನು. ಅದು ಬಟ್ಟೆ ಒಗೆದ ಕೈಯಂತೆ ಬೆಳ್ಳಗೆ ನೆನೆದು ಸುಕ್ಕುಗಟ್ಟಿತ್ತು. ಅವರು ಬೆರಳುಗಳ ಹಿಂಬದಿಯಿಂದ ಮೆಲ್ಲಗೆ ಮುಟ್ಟಿ ನೋಡಿದರು. ಗಾಯ ನೋಡುವಾಗ ಅವರು ಯಾವತ್ತೂ ಬೆರಳ ತುದಿಯಿಂದ ಮುಟ್ಟಿದವರಲ್ಲ.

"ನಿಮ್ಮ ಹಾಳಿ ಉಸಿರಾಡತದರೀ. ಅಂಟು ಬಿಡವಲ್ಲದು" ಎಂದರು.

ಆಗ ನನಗೆ ಹೊಳೆಯಿತು. ಬಟ್ಟಲಿಗೆ ನಾನು ಬಿಗಿದದ್ದು ಅಂಟು ಬಳಿಯದ ಪದರು. ಅಂಟು ಬಟ್ಟಲಿನ ಅಂಚು ಹೊಲಸು ಮಾಡುತ್ತದೆಂದು ಬರಿಯ ಪದರನ್ನೇ ಪರೀಕ್ಷೆಗೆ ಹಾಕಿದ್ದೆ. ಮೊದಲ ದರ್ಜೆಯ ಬುದ್ಧಿ ಅದು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವರು ನಗಲಿಲ್ಲ. ಅಂಟನ್ನು ಕಡಿಮೆ ಬಳಿದರೆ ಪಟ್ಟಿ ನಿಲ್ಲುವುದಿಲ್ಲ, ಹೆಚ್ಚು ಬಳಿದರೆ ಚರ್ಮ ನೆನೆಯುತ್ತದೆ ಎಂದು ನಾನು ಗೋಳಾಡಿದ್ದಕ್ಕೆ ಒಂದು ಹಳೆಯ ಸಂಗತಿ ಹೇಳಿದರು.

"ನಾ ಡ್ಯೂಟಿಮ್ಯಾಗ ಇದ್ದಾಗ ನಿಮ್ಮ ಕಂಪನಿದೇ ಗೆರಿಗೆರಿ ಪಟ್ಟಿ ಬಂದಿದ್ದವು. ಒಂದು ಗೆರಿ ಅಂಟು, ಒಂದು ಗೆರಿ ಖಾಲಿ. ಸ್ಟೋರಿನವರು ಬೈದು ವಾಪಸ್ ಕಳಿಸಿದ್ರು. ನಾ ಒಂದು ಡಬ್ಬಿ ಮುಚ್ಚಿಟ್ಟಿದ್ದೆ. ಮುದುಕರ ಚರ್ಮಕ್ಕ ಅದರಷ್ಟು ಚೊಲೋ ಪಟ್ಟಿ ನಾ ಕಂಡಿಲ್ರಿ. ಮುಗದ ಮ್ಯಾಲೆ ಇನ್ನೊಂದು ಡಬ್ಬಿ ಕೆಟ್ಟದ್ದು ಬರಲಿ ಅಂತ ದಾರಿ ಕಾಯ್ತಿದ್ದೆ, ಬರಲೇ ಇಲ್ಲ."

ನಾನು ನಂಬಲಿಲ್ಲ. ದೂರುಗಳ ಹಳೆಯ ಫೈಲು ಹುಡುಕಿಸಿದೆ. ಆಸ್ಪತ್ರೆಯ ಸಿಟ್ಟಿನ ಪತ್ರ ಸಿಕ್ಕಿತು, ಅದಕ್ಕೆ ಸಾಕ್ಷಿಯಾಗಿ ಅಂಟಿಸಿದ್ದ ಒಂದು ತುಂಡು ಪಟ್ಟಿಯೂ ಸಿಕ್ಕಿತು. ಅಂಟು ಬಳಿಯುವ ಅಲಗಿನ ಬಾಯಿ ಮುಕ್ಕಾಗಿ ನಡುನಡುವೆ ಬರಿ ಗೆರೆ ಬಿಟ್ಟಿತ್ತು. ಮೂಲೆಯಲ್ಲಿ ಯಾರೋ ಕೆಂಪು ಶಾಯಿಯಿಂದ "ಮತ್ತೆ ಹೀಗಾಗಕೂಡದು" ಎಂದು ಬರೆದಿದ್ದರು. ಆಗಬಾರದು ಎಂದು ಬರೆದಿಟ್ಟ ಆ ತಪ್ಪನ್ನು ಬೇಕೆಂದೇ, ಅಳತೆಗೆ ಸರಿಯಾಗಿ ಮಾಡಲು ನನಗೆ ಮಳೆಗಾಲವೆಲ್ಲ ಹಿಡಿಯಿತು. ಗೆರೆ ಎಷ್ಟು ದಪ್ಪ, ನಡುವೆ ಎಷ್ಟು ಬಿಡುವು ಎಂದು ಸಿಸ್ಟರ್ ಮುಂಗೈಗೂ ನನ್ನ ಮುಂಗೈಗೂ ಅಂಟಿಸಿ, ಬಿಡಿಸಿ, ನೋಡಿ, ಮತ್ತೆ ಮಾಡಿದೆವು. ಕೊನೆಗೊಂದು ದಿನ ಪಟ್ಟಿ ಬಿಡಿಸಿದರೆ ಒಳಗಿನ ಚರ್ಮ ಒಣಗಿತ್ತು, ಅಕ್ಕಪಕ್ಕದ ಬಣ್ಣವೇ ಇತ್ತು. ನಾನು ಅಲ್ಲೇ ಕುಣಿದೆ. ಸಿಸ್ಟರ್ ಮಾತ್ರ, "ಇದು ನಮ್ಮ ಕೈರೀ. ನಾವು ಫ್ಯಾನ್ ಕೆಳಗ ಕೂಡವ್ರು. ದುಡಿಯೂ ಮಂದಿ ಮೈಮ್ಯಾಲೆ ನೋಡೋಣ" ಎಂದರು.

ಪ್ಯಾಕಿಂಗ್ ವಿಭಾಗದ ಹನ್ನೆರಡು ಹೆಂಗಸರು ಒಪ್ಪಿದರು. ಅವರ ತೋಳಿಗೂ ನನ್ನ ತೋಳಿಗೂ ಸಿಸ್ಟರೇ ಪಟ್ಟಿ ಅಂಟಿಸಿದರು, ಏಳು ದಿನ ತೆಗೆಯುವಂತಿಲ್ಲ. ದಿನಾಂಕ ಗೊತ್ತು ಮಾಡಿದವಳು ನಾನು. ದೀಪಾವಳಿ ರಜೆಯಲ್ಲಿ ಕಾರ್ಖಾನೆ ಮುಚ್ಚಿರುತ್ತದೆ, ಡಬ್ಬಿ ಎತ್ತುವಾಗ ತೋಳು ಉಜ್ಜುವುದಿಲ್ಲ, ಎಂಥ ಒಳ್ಳೆಯ ಸಮಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ನರಕ ಚತುರ್ದಶಿಯ ಬೆಳಗ್ಗೆ ಅವ್ವ ನನ್ನನ್ನು ಮಣೆಯ ಮೇಲೆ ಕೂರಿಸಿ, ತಲೆಗೂ ತೋಳಿಗೂ ಎಣ್ಣೆ ಸುರಿದು, ತಿಕ್ಕಿ, ಉಟಣೆಯ ಸುಗಂಧ ಪುಡಿ ಹಚ್ಚಿ ಬಿಸಿನೀರು ಹಾಕುವವರೆಗೂ ನನಗೆ ನೆನಪಾಗಲಿಲ್ಲ. ನನ್ನ ತೋಳಿನ ಪಟ್ಟಿ ಮೂಲೆ ಬಿಟ್ಟು, ಸುರುಳಿಯಾಗಿ, ನೀರಿನ ಜೊತೆ ಮೋರಿಗೆ ಹೋಯಿತು. ಆ ಹೊತ್ತಿಗೆ ಊರತುಂಬ ಹನ್ನೆರಡು ಮನೆಗಳಲ್ಲಿ ಅದೇ ನಡೆಯುತ್ತಿರಬೇಕು ಎಂದು ನಾನು ಮಣೆಯ ಮೇಲೆ ತಲೆ ಹಿಡಿದು ಕೂತೆ. ಅವ್ವ, "ಹಬ್ಬದ ದಿನ ಮಾರಿ ಯಾಕ ಹಂಗ ಮಾಡ್ತಿ?" ಎಂದಳು.

ರಜೆ ಮುಗಿದ ದಿನ ಹೆಂಗಸರು ಒಬ್ಬೊಬ್ಬರೇ ಬಂದು, "ನಿಘಾಲೀ ಪಟ್ಟೀ, ತಾಈ," ಬಿದ್ದೇ ಹೋಯಿತು, ಎಂದು ಸೆರಗಿನಲ್ಲಿ ನಗು ಮುಚ್ಚಿಕೊಂಡರು. ನಾಲ್ವರದು ಮಾತ್ರ ಉಳಿದಿತ್ತು. ಎಣ್ಣೆ ಸರಿಯಾಗಿ ಹಚ್ಚಿಕೊಂಡಿರಲಿಕ್ಕಿಲ್ಲ ಎಂದು ಅದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಹಬ್ಬದ ಕಾರಣ ಈ ಪರೀಕ್ಷೆ ರದ್ದು, ಎಣ್ಣೆ ತಾಗದಂತೆ ಮತ್ತೆ ಮಾಡಿ ಅದನ್ನಷ್ಟೇ ಆಸ್ಪತ್ರೆಗೆ ಕಳಿಸುವುದು ಎಂದು ಟೈಪು ಮಾಡಿ ಸಿಸ್ಟರ್ ಮುಂದಿಟ್ಟೆ. ಮಾಲಕರೂ ಹೂಂ ಎಂದಿದ್ದರು.

"ನಾ ಸಹಿ ಮಾಡಂಗಿಲ್ರಿ" ಎಂದರು ಸಿಸ್ಟರ್.

"ಯಾಕ್ರೀ?"

"ಬಿದ್ದಾವಲ್ಲ. ಬಿದ್ದಾವು ಅಂತ ಬರೀರಿ."

"ಎಣ್ಣೆ ಹಚ್ಚಿದ್ರ ಯಾರದಾದ್ರೂ ಬೀಳ್ತದ್ರೀ."

"ಹಾಸಿಗಿ ಹಿಡಿದ ಮುದುಕಿಗೆ ಮಗಳು ಎಣ್ಣಿ ಹಚ್ಚತಾಳ. ಹಬ್ಬ ಇರಲಿ ಬಿಡಲಿ, ಹಚ್ಚತಾಳ. ಅಲ್ಲಿ ಹೋಗಿ ನೀವು ಬ್ಯಾಡ ಅಂತ ನಿಂದರತೀರೇನು?"

ಬೇಸಗೆಯ ಗಡುವು ತಲೆಯ ಮೇಲಿತ್ತು. ನನ್ನ ತಲೆ ಕೆಟ್ಟಿತ್ತು. ಪ್ಯಾಕಿಂಗಿನವರೆಲ್ಲ ಕೇಳುವ ಹಾಗೆ, ನೀವು ಗಾಯ ಕಟ್ಟಿದವರು, ಪಟ್ಟಿ ಮಾಡುವುದು ಹೇಗೆಂದು ನನಗೆ ಹೇಳಿಕೊಡಬೇಡಿ ಎಂದುಬಿಟ್ಟೆ. ನನ್ನ ಅವ್ವನಿಗಿಂತ ದೊಡ್ಡವರು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು, ಸಹಿ ಮಾಡದ ಹಾಳೆಯನ್ನು ನನ್ನ ಕಡೆ ಸರಿಸಿದರು, ಚೀಲ ತೆಗೆದುಕೊಂಡು ಹೋದರು. ಇನ್ನು ಬರುವುದಿಲ್ಲವೇನೋ ಅಂದುಕೊಂಡು ಮನೆಗೆ ಹೋಗಿ ಅತ್ತೆ. ಸಿಟ್ಟಿಗೆ ಅತ್ತೆನೋ ತಪ್ಪಿಗೆ ಅತ್ತೆನೋ, ಈಗಲೂ ಹೇಳಲಾರೆ.

ಮರುದಿನ ಅವರು ಬರುವ ದಿನವಲ್ಲ, ಆದರೂ ಬಂದರು. ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಬಂದು, ನಾಲ್ವರ ತೋಳಿನ ಮೇಲೆ ಉಳಿದಿದ್ದ ಪಟ್ಟಿಗಳನ್ನು ತಾವೇ ಬಿಡಿಸಿ ತಂದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ನೋಡಿದೆ. ನಾನು ಮಾಡಿಸಿದ್ದು ನಾಲ್ಕು ಮೂಲೆಯ ಚೌಕ ಪಟ್ಟಿ, ಹಾಗೆ ಕತ್ತರಿಸಿದರೆ ಚೂರು ವ್ಯರ್ಥವಾಗುವುದಿಲ್ಲ. ಇವುಗಳ ಮೂಲೆಗಳೆಲ್ಲ ದುಂಡಾಗಿದ್ದವು.

"ನಾನೇ ಕತ್ತರಿ ಆಡಿಸೀನಿ. ಅಂಟಸೂ ಮುಂದ ಕೈ ತಡೀಲಿಲ್ಲ. ವಾರ್ಡಿನ್ಯಾಗ ಚೂಪು ಮೂಲಿ ನಾ ಎಂದೂ ಬಿಟ್ಟಾಕಿ ಅಲ್ಲ, ಸೀರಿಗೆ ಸಿಕ್ಕು ಏಳತಾವು. ಬಸ್ಸಿನ ಹೊತ್ತಾತು ಅಂತ ನಾಲ್ಕ ಪಟ್ಟಿಗೆ ಬಿಟ್ಟೆ, ಉಳದವು ಹಂಗ ಅಂಟಸಿದೆ. ನಿಮ್ಮ ನಿಯಮ ಮುರದೀನಿ, ಅದನ್ನೂ ಬರಕೋರಿ" ಎಂದರು.

ನಾನು ಆ ನಾಲ್ವರನ್ನೂ ಕರೆಸಿ ಕೇಳಿದೆ. ಎಲ್ಲರೂ ಎಣ್ಣೆ ಹಚ್ಚಿಕೊಂಡಿದ್ದರು. ಒಬ್ಬಾಕೆಯ ಅತ್ತೆಯಂತೂ ಎರಡು ಸಲ ತಿಕ್ಕಿದ್ದಳು. ಎಣ್ಣೆ ಒಳನುಗ್ಗುವುದು ಮೂಲೆಯಿಂದ, ಮೂಲೆಯೇ ಇಲ್ಲದಿದ್ದರೆ ಅದಕ್ಕೆ ಹಿಡಿದು ಎಬ್ಬಿಸಲು ಜಾಗವಿಲ್ಲ. ಇಡೀ ಊರಿಗೆ ಎಣ್ಣೆ ಸ್ನಾನದ ದಿನ ಪರೀಕ್ಷೆ ಇಟ್ಟ ದಡ್ಡಿ ನಾನು, ಪರೀಕ್ಷೆಗೆ ಕತ್ತರಿ ಹಾಕಿದವರು ಅವರು. ನಮ್ಮಿಬ್ಬರ ತಪ್ಪು ಸೇರದಿದ್ದರೆ ಆ ಪಟ್ಟಿ ಇವತ್ತಿಗೂ ಚೌಕವಾಗಿಯೇ ಇರುತ್ತಿತ್ತು. ಕೈ ಮುಗಿದು, ನಿನ್ನೆ ಹಾಗೆ ಅನ್ನಬಾರದಿತ್ತು ಎಂದೆ. "ಅಂದೀರಿ, ಆತು. ಈಗ ದುಂಡಗ ಕತ್ತರಸೂ ಅಲಗು ಮಾಡಸ್ರಿ" ಎಂದರು.

ದುಂಡು ಮೂಲೆಯ ಅಲಗು ಬಂತು. ಹೋಳಿಯ ನಂತರದ ಸುಡುಬಿಸಿಲಿನಲ್ಲಿ ಅದೇ ಹನ್ನೆರಡು ಹೆಂಗಸರು ಮತ್ತೆ ಪಟ್ಟಿ ಹಾಕಿಕೊಂಡರು, ಈ ಸಲ ನಾವೇ ಎಣ್ಣೆಯ ಶೀಶೆ ಕೊಟ್ಟು ಮನೆಗೆ ಕಳಿಸಿದೆವು. ಏಳನೆಯ ದಿನ ಸಿಸ್ಟರ್ ಒಬ್ಬೊಬ್ಬರನ್ನೇ ಕೂರಿಸಿ ಬಿಡಿಸಿ, ಮುಟ್ಟಿ, ಮೂಸಿ ನೋಡಿದರು. ಒಂದರ ಅಂಚು ಎದ್ದಿತ್ತು, ಎದ್ದಿದೆ ಎಂದು ಬರೆಸಿದರು. ಹಬ್ಬದಲ್ಲಿ ಬಿದ್ದದ್ದನ್ನೂ, ತಾವು ಕತ್ತರಿ ಆಡಿಸಿದ್ದನ್ನೂ ಬಿಡದೆ ಬರೆಸಿದರು. ಆಮೇಲೆ ಕನ್ನಡದಲ್ಲಿ, ಪೂರ್ತಿ ಹೆಸರು ಬಿಡಿಸಿ, ಸಹಿ ಹಾಕಿದರು. ಅಷ್ಟು ಸೋಲು ಬರೆದ ಹಾಳೆಯನ್ನು ಆಸ್ಪತ್ರೆಗೆ ಕಳಿಸುವಾಗ ಮಾಲಕರು ಅದನ್ನು ಎರಡು ಸಲ ಲಕೋಟೆಯಿಂದ ಹೊರತೆಗೆದು ಓದಿದರಂತೆ. ಆಸ್ಪತ್ರೆಯವರು ಅದನ್ನು ಓದಿಯೇ ಪಟ್ಟಿ ತರಿಸಿಕೊಂಡರು. ಹೊರದೇಶದ ರೋಲಿನ ಮಾತು ನಮ್ಮಲ್ಲಿ ಮತ್ತೆ ಬರಲಿಲ್ಲ. ಇವತ್ತು ಭೋರ್ ಕಡೆಯ ಹಳ್ಳಿಗಳ ಸಣ್ಣ ದವಾಖಾನೆಗಳವರೆಗೂ ನಮ್ಮ ಪಟ್ಟಿ ಹೋಗುತ್ತದೆ.

ಹೋದ ವರ್ಷ ಸಿಸ್ಟರ್‌ಗೆ ಮೂತ್ರಪಿಂಡದ ಕಾಯಿಲೆ ಜೋರಾಯಿತು. ಅವರು ದುಡಿದ ಆಸ್ಪತ್ರೆಯಲ್ಲ, ಮಗಳ ಮನೆಗೆ ಹತ್ತಿರದ ಇನ್ನೊಂದರಲ್ಲಿ ಸೇರಿಸಿದ್ದರು. ಅಲ್ಲಿ ಅವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ನೋಡಲು ಹೋದಾಗ ಒಬ್ಬ ಎಳೆಯ ನರ್ಸು ಅವರ ಮುಂಗೈಯ ಸೂಜಿಯ ಮೇಲಿನ ಪಟ್ಟಿ ಬದಲಿಸುತ್ತಿದ್ದಳು. ದುಂಡು ಮೂಲೆ, ಒಳಗೆ ಗೆರೆಗೆರೆ ಅಂಟು. ನಮ್ಮದೇ ಪಟ್ಟಿ. ಹುಡುಗಿ ಬಿಡಿಸುತ್ತಲೇ ಮರಾಠಿಯಲ್ಲಿ, "ಹೀ ಪಟ್ಟೀ ಚಾಂಗಲೀ ಆಹೇ, ಆಜೀ," ಅಂದರೆ ಇದು ಒಳ್ಳೆಯ ಪಟ್ಟಿ ಅಜ್ಜಿ, ಮೊದಲಿನದು ತೆಗೆದರೆ ಮುದುಕರ ಚರ್ಮವೇ ಕಿತ್ತು ಬರುತ್ತಿತ್ತು, ಇದು ಬಂದ ಮೇಲೆ ನನಗೂ ತೆಗೆಯಲು ಹೆದರಿಕೆಯಿಲ್ಲ ಎಂದಳು. ಸಿಸ್ಟರ್ "ಹೋ ಕಾ?", ಹೌದಾ, ಎಂದರು. ಅಷ್ಟೇ.

ಅವಳು ಅತ್ತ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ನೀವ ಮಾಡಿದ್ದು ಅಂತ ಹೇಳಬಾರದೇನ್ರಿ?" ಎಂದು ಜಗಳಕ್ಕೇ ನಿಂತೆ.

ಅವರ ದನಿ ತೀರ ಸಣ್ಣಗಾಗಿತ್ತು. "ಹೇಳಿದ್ದರ ಆಕಿ ನನ್ನ ಮಾರಿ ನೋಡಿ ಹೊಗಳತಿದ್ದಳು. ಗೊತ್ತಿಲ್ಲದ ಹೇಳ್ಯಾಳಲ್ಲ, ಅದು ಖರೇ" ಎಂದರು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಮುಗುಳ್ನಗುತ್ತಲೇ ಇದ್ದರು. ಅಷ್ಟು ಹೆಮ್ಮೆಯನ್ನು ಅವರ ಮುಖದ ಮೇಲೆ ನಾನು ಬೇರೆ ಯಾವತ್ತೂ ನೋಡಿರಲಿಲ್ಲ.

ಎಂಟು ದಿನಕ್ಕೆ ಹೋಗಿಬಿಟ್ಟರು. ಅವರ ಸಾಮಾನು ತರಲು ಮಗಳ ಜೊತೆ ನಾನೂ ವಾರ್ಡಿಗೆ ಹೋದೆ. ಅದೇ ಹುಡುಗಿ ಖಾಲಿ ಮಂಚದ ಹಾಸಿಗೆ ಬದಲಿಸುತ್ತಿದ್ದಳು. ಸುಮ್ಮನೆ ಬರಲು ನನ್ನಿಂದ ಆಗಲಿಲ್ಲ. ಅವಳ ಟ್ರೇಯಲ್ಲಿದ್ದ ಒಂದು ಪಟ್ಟಿ ಎತ್ತಿ ಹಿಡಿದು, ಇದನ್ನು ಮಾಡಿದವರು ಈ ಮಂಚದ ಮೇಲಿದ್ದ ಅಜ್ಜಿ ಎಂದೆ. ಅವಳು ಕೈಯಲ್ಲಿದ್ದ ಚಾದರ ಹಾಗೇ ಹಿಡಿದು ನಿಂತಳು. "ನನಗೆ ಒಂದು ಮಾತೂ ಹೇಳಲಿಲ್ಲವಲ್ಲ" ಎಂದು ಅಳತೊಡಗಿದಳು. ನಾನು ಅಳಲಿಲ್ಲ. ಇಂಥವರ ಕೈಕೆಳಗೆ ಕಲಿತವಳು ನಾನು ಎಂದು ಅವಳಿಗೆ ಹೇಳಿದೆ.