ಬಾಲ ಕತ್ತರಿಸಿದ ಸುದ್ದಿ

ನಮ್ಮ ಪತ್ರಿಕೆಯಲ್ಲಿ ಅವರನ್ನು ಎಲ್ಲರೂ ‘ಚೇತರಿಕೆ’ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ವಾಣಿಜ್ಯ ಪುಟ ಕಟ್ಟುತ್ತಿದ್ದವರು. ಪೇಟೆ ಮಕಾಡೆ ಬಿದ್ದರೂ ಅವರ ಪುಟದಲ್ಲಿ ಮೂರನೇ ದಿನಕ್ಕೆ ಚೇತರಿಸಿಕೊಳ್ಳುತ್ತಿತ್ತು. ಮನುಷ್ಯ ಮಾತ್ರ ಕೂತಲ್ಲಿ ಕೂರುವವರಲ್ಲ, ನಿಂತಲ್ಲಿ ನಿಲ್ಲುವವರಲ್ಲ. ಒಂದು ಸಾಲು ಬರೆದು ಕಿಟಕಿಗೆ ಹೋಗುವುದು, ಬಂದು ಅದನ್ನೇ ಹೊಡೆದುಹಾಕುವುದು, ಪೆನ್ನಿನ ಮುಚ್ಚಳ ಕಡಿಯುವುದು. ಪಕ್ಕದ ಮೇಜಿನಲ್ಲಿ ಕರಡು ತಿದ್ದುವ ನನಗೆ ಅವರನ್ನು ನೋಡಿಯೇ ತಲೆ ತಿರುಗುತ್ತಿತ್ತು.

ನನ್ನ ಬಾಯಿ ಸ್ವಲ್ಪ ಜೋರು, ಒಪ್ಪಿಕೊಳ್ಳುತ್ತೇನೆ. ಒಮ್ಮೆ ಕೇಳಿಯೇಬಿಟ್ಟೆ. “ಅಲ್ರೀ, ಕೆಲಸದವರು ಸಂಬಳ ಜಾಸ್ತಿ ಕೇಳಿದ್ರೆ ‘ಹೊರೆ’. ಮಾಲೀಕರು ತೆರಿಗೆ ಬಿಡಿ ಅಂದ್ರೆ ‘ಉತ್ತೇಜನ’. ಇದ್ಯಾವ ನ್ಯಾಯ?”

“ನಾನೇನು ಸುಳ್ಳು ಬರೀತಿದ್ದೀನಾ ಮೇಡಂ? ಎಲ್ಲಾ ಪೇಪರಲ್ಲೂ ಹಾಗೇ ಬರೀತಾರೆ.”

ಅದೂ ನಿಜವೇ. ಒಂದು ಅಂಕಿ ತಪ್ಪಿದರೆ ಅವತ್ತು ಊಟ ಬಿಡುವ ಮನುಷ್ಯ. ಆದರೆ ಅವರ ವಾಕ್ಯಗಳಲ್ಲಿ ಯಾರೂ ಯಾರನ್ನೂ ಕೆಲಸದಿಂದ ತೆಗೆಯುತ್ತಿರಲಿಲ್ಲ. ಸಿಬ್ಬಂದಿಯ ಸಂಖ್ಯೆ ತನ್ನಷ್ಟಕ್ಕೆ ತಾನೇ ಸರಿಹೊಂದುತ್ತಿತ್ತು, ಮಳೆ ನಿಂತ ಹಾಗೆ.

ಕತ್ತರಿಸುವುದರಲ್ಲೂ ನಮ್ಮಲ್ಲೊಂದು ರೂಢಿಯಿದೆ. ಸುದ್ದಿಸಂಸ್ಥೆಯಿಂದ ಬಂದದ್ದು ಜಾಗಕ್ಕಿಂತ ಉದ್ದವಾದರೆ ಕೆಳಗಿನಿಂದ ಕತ್ತರಿಸುತ್ತೇವೆ. ಕಂಪನಿ ಅಧ್ಯಕ್ಷರ ಮಾತು ತಲೆಯಲ್ಲಿ, ಷೇರಿನ ಏರಿಳಿತ ಹೊಟ್ಟೆಯಲ್ಲಿ, ಕೆಲಸಗಾರರು ಬಾಲದಲ್ಲಿ. ಹಾಗಾಗಿ ಯಾವ ದಿನ ಜಾಗ ಸಾಲದಿದ್ದರೂ ಕತ್ತರಿ ಅವರಿಗೇ. ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಎಷ್ಟೋ ಸಲ ಆ ಬಾಲವನ್ನು ಓದುವ ಗೋಜಿಗೂ ಹೋಗುತ್ತಿರಲಿಲ್ಲ.

ಚೇತರಿಕೆಯವರಿಗೆ ಒಬ್ಬ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಓದಿಸಿ ಮನುಷ್ಯನನ್ನಾಗಿ ಮಾಡಿದಾಕೆ. ಬಲ್ಬ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ಪತ್ರಿಕೆ ಕೈಗೆ ಬಂದರೆ ಮೊದಲು ತಮ್ಮನ ಪುಟ. ಅರ್ಥವಾದರೂ ಸರಿ, ಆಗದಿದ್ದರೂ ಸರಿ. ಊಟದ ಬಿಡುವಿನಲ್ಲಿ ಆಕೆಯ ಫೋನು ಬಂದೇ ಬರುತ್ತಿತ್ತು.

ಆ ಸೋಮವಾರ ಅದೇ ಕಾರ್ಖಾನೆಯ ಸುದ್ದಿ ಬಂತು. ಹೊಸ ಘಟಕ, ಹೆಚ್ಚಿನ ದಕ್ಷತೆ, ಒಪ್ಪುವ ಸಿಬ್ಬಂದಿಗೆ ‘ಮರುಹೊಂದಾಣಿಕೆ ಯೋಜನೆ’. ಅಕ್ಕನ ಕಾರ್ಖಾನೆಯಲ್ಲವೇ, ಇವರಿಗೆ ಖುಷಿಯೋ ಖುಷಿ. ‘ಬಲ್ಬ್ ಕಾರ್ಖಾನೆಗೆ ಹೊಸ ಹುರುಪು’ ಎಂದು ಶೀರ್ಷಿಕೆ ಕೊಟ್ಟರು. ಜಾಗ ಸಾಲಲಿಲ್ಲ, ಬಾಲ ಕತ್ತರಿಸಿದರು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ, ಒಂದಕ್ಷರವೂ ತಪ್ಪಿಲ್ಲವೆಂದು ಸಹಿ ಹಾಕಿದೆ.

ಮಂಗಳವಾರ ಅಕ್ಕನ ಫೋನು. ಇವರು ಓಡಾಡುತ್ತಿರಬೇಕಲ್ಲ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೇ ಮಾತಾಡುತ್ತಿದ್ದರು.

“ಅದೇನೋ ಮರುಹೊಂದಾಣಿಕೆ ಫಾರಂ ಅಂತ ಕೊಟ್ಟಿದಾರೆ ಕಣೋ. ಸಹಿ ಹಾಕಿದವ್ರನ್ನ ಹೊಸ ಘಟಕಕ್ಕೆ ಮೊದಲು ಕರೀತಾರಂತೆ, ಸೂಪರ್‌ವೈಸರ್ ಹೇಳಿದ್ರು. ನಂಗ್ಯಾಕೋ ಮನಸ್ಸು ಒಪ್ತಿಲ್ಲ. ಹಾಕ್ಲಾ, ಬೇಡ್ವಾ?”

“ನಾನೇ ಬರ್ದಿದ್ದೀನಲ್ಲಕ್ಕ, ಓದಿಲ್ವಾ? ಕಾರ್ಖಾನೆ ದೊಡ್ಡದಾಗ್ತಿದೆ. ಧೈರ್ಯವಾಗಿ ಹಾಕು.”

ಅಂಥ ಪದಗಳ ಒಳಗೇನಿರುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಬರೆದೂ ಬರೆದೂ ತಾವೇ ನಂಬಿಬಿಟ್ಟಿದ್ದರು. ಅವರನ್ನೊಬ್ಬರನ್ನೇ ಅಂದು ಏನು ಪ್ರಯೋಜನ, ನನಗೂ ಆಗ ಏನೂ ಅನ್ನಿಸಲಿಲ್ಲ.

ಗುರುವಾರ ಮಧ್ಯಾಹ್ನ ಯಾವುದೋ ಅಂಕಿ ಹೋಲಿಸಲು ಆ ಸುದ್ದಿಯ ಮೂಲ ಪ್ರತಿ ತೆಗೆದೆ. ಕೊನೆಯ ಪ್ಯಾರಾ ಹೀಗಿತ್ತು: ಪ್ಯಾಕಿಂಗ್ ಇನ್ನು ಯಂತ್ರದ ಪಾಲು, ವಿಭಾಗ ತಿಂಗಳ ಕೊನೆಗೆ ಬಂದ್, ಯೋಜನೆಗೆ ಸಹಿ ಹಾಕಿದರೆ ರಾಜೀನಾಮೆ ಕೊಟ್ಟಂತೆ, ಅಂಥವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ, ಸಹಿ ಹಾಕದವರಿಗೆ ಬೇರೆ ವಿಭಾಗದಲ್ಲಿ ಕೆಲಸ ಕೊಡಬೇಕಾಗುತ್ತದೆ. ಹಾಳೆಯನ್ನು ಅವರ ಮುಂದಿಟ್ಟೆ. ನಿಂತೇ ಓದಿದರು, ಮತ್ತೆ ಓದಿದರು. ಬೈಯಲೆಂದೇ ಬಾಯಿ ತೆರೆದಿದ್ದೆ, ಆ ಮುಖ ನೋಡಿ ‘ಮೊದಲು ಅಕ್ಕನಿಗೆ ಫೋನ್ ಮಾಡಿ’ ಅಂದೆ.

ಊಟದ ಬಿಡುವು ಮುಗಿದಿತ್ತು; ಕೆಲಸದ ಹೊತ್ತಿನಲ್ಲಿ ಕಾರ್ಖಾನೆಯವರ ಫೋನುಗಳೆಲ್ಲ ಕಪಾಟಿನಲ್ಲಿ. ಪುಟವನ್ನು ಅರ್ಧಕ್ಕೇ ಬಿಟ್ಟು ಇವರು ಬಾಡಿಗೆ ಗಾಡಿ ಹತ್ತಿದರು. ಕರಡಿಗೆ ಸಹಿ ಹಾಕಿದವಳು ನಾನೇ ತಾನೇ, ಹಿಂದೆಯೇ ಹತ್ತಿದೆ. ದಾರಿಯುದ್ದಕ್ಕೂ ಅವರ ಮೊಣಕಾಲು ಕುಣಿಯುತ್ತಲೇ ಇತ್ತು.

“ಅಕ್ಕ ಯಾವ್ದಕ್ಕೂ ಅವಸರ ಮಾಡೋಳಲ್ಲ. ಇನ್ನೂ ಹಾಕಿರಲ್ಲ. ಹಾಕಿರಲ್ಲ ಅಲ್ವಾ ಮೇಡಂ?”

ಹೂಂ ಅಂದೆ.

ಗೇಟಿನ ಕಾವಲುಗಾರನನ್ನು ಕಾಡಿ ಬೇಡಿ ಆಕೆಯನ್ನು ಕರೆಸಿದೆವು. ಕೈಗೆ ಮೆತ್ತಿದ ರಟ್ಟಿನ ಧೂಳನ್ನು ಕೊಡವುತ್ತ ಬಂದರು.

“ಏನೋ ಈ ಹೊತ್ತಲ್ಲಿ? ಮನೇಲಿ ಎಲ್ಲಾ ಸರಿ ತಾನೆ?”

“ಸಹಿ ಹಾಕಿದ್ಯಾ?”

“ನಿನ್ನೇನೇ ಹಾಕ್ದೆ. ನಮ್ ಸಾಲಲ್ಲಿ ಎಲ್ರೂ ಹೆದರ್ಕೊಂಡಿದ್ರು. ನನ್ ತಮ್ಮ ಪೇಪರ್‌ನವನು, ಅವನೇ ಹಾಕು ಅಂದಿದಾನೆ ಅಂತ ಹದಿನೇಳು ಜನರ ಕೈಲೂ ಹಾಕಿಸ್ದೆ. ನಿನ್ ಪುಟಾನ ಗೋಡೆಗೆ ಅಂಟಿಸಿದೀವಿ, ಗೊತ್ತಾ?”

ಚೇತರಿಕೆ ಗೇಟಿನ ಸರಳು ಹಿಡಿದುಕೊಂಡರು.

“ಕೆಲಸ ಹೋಯ್ತಕ್ಕ. ಪ್ಯಾಕಿಂಗ್ ಮುಚ್ತಾರೆ. ಸಹಿ ಹಾಕಿದವ್ರನ್ನ ಮತ್ತೆ ಕರೆಯಲ್ಲ. ಸುದ್ದೀಲಿ ಇತ್ತು, ನಾನು ಓದ್ದೇ ಕತ್ತರಿಸ್ದೆ.”

ಆಕೆ ತಿರುಗಿ ಷೆಡ್ಡಿನ ಕಡೆ ನೋಡಿದರು. ಒಳಗೆ ಯಾರೋ ಜೋರಾಗಿ ನಗುತ್ತಿದ್ದರು. ತಮ್ಮನ ತೋಳು ಹಿಡಿದು ಒಳಕ್ಕೆ ಎಳೆದರು.

“ಬಾ. ಅವ್ರಿಗೆ ನೀನೇ ಹೇಳು. ನಾನು ಹೇಳಿದ್ರೆ ನಂಬಲ್ಲ, ಪೇಪರಲ್ಲಿ ಹಾಗಿಲ್ವಲ್ಲ ಅಂತಾರೆ.”