ನಾಲ್ಕನೇ ಸೀಟಿನ ವೈದ್ಯ

ಲೋಕದಲ್ಲಿ ಪ್ರತಿಯೊಬ್ಬನಿಗೂ ಅವನದೇ ಒಂದು ಸ್ಥಾನವಿದೆ. ಅವನು ಅದರಿಂದ ಅಲುಗದಿರುವುದರಿಂದಲೇ ಲೋಕ ಸಮತೋಲದಲ್ಲಿ ನಿಂತಿದೆ. ಈ ಸತ್ಯ ನನಗೆ ಹೊಳೆದದ್ದು ಮುಂಬಯಿ ಹೊರವಲಯದ ಡೊಂಬಿವಲಿಯ ಲೋಕಲ್ ರೈಲುಗಾಡಿಯಲ್ಲಿ, ಮೂವರಿಗೆಂದು ಮಾಡಿದ ಬೆಂಚಿನ ಮೇಲೆ ನಾಲ್ವರು ಕೂತಿದ್ದಾಗ. ನಾಲ್ಕನೆಯವನ ಅರ್ಧ ದೇಹ ಮಾತ್ರ ಬೆಂಚಿನ ಮೇಲಿರುತ್ತದೆ, ಉಳಿದರ್ಧ ನಡುದಾರಿಯಲ್ಲಿ ತೂಗುತ್ತಿರುತ್ತದೆ. ಇದಕ್ಕೆ ನಮ್ಮಲ್ಲಿ ಫೋರ್ತ್ ಸೀಟ್ ಎನ್ನುತ್ತಾರೆ. ನಾನು ಅದರಲ್ಲಿ ಕೂತವನಲ್ಲವಾದ್ದರಿಂದ ಸಮತೋಲದ ಮೇಲೆ ನನಗೆ ಬಹಳ ಗೌರವವಿತ್ತು.

ಅದರಲ್ಲಿ ಕೂರುತ್ತಿದ್ದವರು ಠಾಣೆ ಪಟ್ಟಣದ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು. ಕಲಬುರಗಿ ಕಡೆಯವರು, ಮನೆ ಶಹಾಡ್‌ನಲ್ಲಿ. ಡೊಂಬಿವಲಿಗಿಂತ ಮೊದಲೇ ಅಲ್ಲಿ ಹತ್ತುವುದರಿಂದ ಅವರಿಗೆ ಮೂರನೇ ಜಾಗ ಸಿಕ್ಕಿರುತ್ತಿತ್ತು. ಡೊಂಬಿವಲಿಯಲ್ಲಿ ನಾನು ಹೇಗೋ ನುಗ್ಗಿ ಹತ್ತಿರ ಬಂದರೆ, "ಬರ್ರಿ ಸರ" ಎಂದು ಎದ್ದು, ನನ್ನನ್ನು ಒಳಗೆ ಬಿಟ್ಟು, ತಾವು ಅಂಚಿಗೆ ಕೂರುತ್ತಿದ್ದರು. ಹನ್ನೊಂದು ವರ್ಷ.

ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಆಟ. ಕಾಗದ, ಪೆನ್ಸಿಲು, ದಾಳ, ಮಾತು, ಇಷ್ಟೇ ಸಾಮಾನು. ಒಬ್ಬ ಕತೆ ನಡೆಸುತ್ತಾನೆ. ಉಳಿದವರು ಕತೆಯೊಳಗಿನ ಪಾತ್ರಗಳಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಆದದ್ದೋ ಆಗದ್ದೋ ದಾಳ ತೀರ್ಮಾನಿಸುತ್ತದೆ. ಕತೆ ನಡೆಸುವವನು ನಾನು. ನಿಯಮಗಳೂ ನನ್ನವೇ. ಆಗ ನಾನು ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ. ನೀರು ಬಾರದ ದಿನದ ನೋಟಿಸು ಬರೆಯುವ ಗಾಂಭೀರ್ಯದಲ್ಲಿಯೇ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ: 'ಯೋಧನಿಗೆ ಮಂತ್ರ ಬರತಕ್ಕದ್ದಲ್ಲ. ಮಂತ್ರಗಾತಿ ಕವಚ ತೊಡತಕ್ಕದ್ದಲ್ಲ. ವೈದ್ಯನು ಆಯುಧ ಮುಟ್ಟತಕ್ಕದ್ದಲ್ಲ. ವರ್ಗಗಳಿವೆ, ವರ್ಗಾವಣೆ ಇಲ್ಲ.' ಕೊನೆಯ ವಾಕ್ಯದ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು.

ಯೋಧ, ಕೋಪರಿಯ ಒಂದು ಹೋಟೆಲಿನ ಮ್ಯಾನೇಜರು, ನಮ್ಮ ಕರಾವಳಿಯವರು. ಮಂತ್ರಗಾತಿ ನನ್ನ ತಂಗಿಯ ಮಗಳು; ಇಲ್ಲಿಯೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವವಳು. ವೈದ್ಯನ ಪಾತ್ರ ಯಾರಿಗೂ ಬೇಡವಾಗಿತ್ತು. ಹೊಡೆಯುವಂತಿಲ್ಲ, ಸುಡುವಂತಿಲ್ಲ, ಇತರರು ಹೊಡೆಸಿಕೊಂಡಾಗ ಮುಲಾಮು ಹಚ್ಚುವುದು. ಮೊದಲ ದಿನ ಮೂವರೂ ನಾಲ್ಕನೆಯವರಾದ, ನನ್ನ ಪಕ್ಕದ ಮೇಜಿನ ಶಹಾಡ್‌ನವರ ಮುಖ ನೋಡಿದೆವು. "ಆಯ್ತ್ರಿ, ನಾ ಆಗ್ತೀನಿ" ಎಂದರು.

ನಾಲ್ಕು ವರ್ಷ ಮುಲಾಮು ಹಚ್ಚಿದರು.

ಅದೊಂದು ಭಾನುವಾರ ಕತೆ ಗುಹೆಯ ತಳ ಮುಟ್ಟಿತ್ತು. ಎದುರಿಗೆ ರಾಕ್ಷಸ. ಯೋಧ ಪೆಟ್ಟು ತಿಂದು ಬಿದ್ದಿದ್ದ, ಮಂತ್ರಗಾತಿಯ ಮಂತ್ರಗಳು ಮುಗಿದಿದ್ದವು. ನಿಂತಿದ್ದವನು ವೈದ್ಯನೊಬ್ಬನೇ.

"ಸರ, ಯೋಧನ ಕತ್ತಿ ಅಲ್ಲೇ ಬಿದ್ದದ ಅಲ್ರೀ," ಎಂದರು ಶಹಾಡ್‌ನವರು. "ನಾ ಅದನ್ನ ಎತ್ತಕೋತೀನಿ."

"ವೈದ್ಯ ಆಯುಧ ಮುಟ್ಟುವ ಹಾಗಿಲ್ಲ."

"ಒಂದ್ ಸಲ ಸರ. ಒಂದ ಏಟು. ಹತ್ತಿದ್ರ ಹತ್ತತದ, ಇಲ್ಲಾಂದ್ರ ಸಾಯ್ತೀನಿ."

"ಮಾಮಾ, ಕರನೇ ದೋ ನಾ," ಎಂದು ತಂಗಿಯ ಮಗಳು ಅವರ ಪರ ನಿಂತಳು. "ದಾಳ ತೋ ಹೈ."

"ಬಿಡಿ ಮಾರಾಯ್ರೆ," ಎಂದರು ನೆಲದ ಮೇಲೆ ಬಿದ್ದಿದ್ದ ಯೋಧ, ಬೋಂಡ ಅಗಿಯುತ್ತ. "ಕತ್ತಿ ನನ್ನದು, ನನಗೇ ತಕರಾರಿಲ್ಲ. ನಿಮಗೆ ಎಂತ ಕಷ್ಟ?"

ನಾನು ನೋಟ್‌ಬುಕ್ ತೆರೆದು, ಎಲ್ಲರಿಗೂ ಕಾಣುವಂತೆ ಆ ಪುಟದ ಮೇಲೆ ಬೆರಳಿಟ್ಟೆ. ವೈದ್ಯ ಹೊಡೆಯಲೂ ಬಲ್ಲ, ಗುಣಪಡಿಸಲೂ ಬಲ್ಲನೆಂದಾದರೆ ನಾಳೆ ಯೋಧನಾಗಲು ಯಾರು ಬರುತ್ತಾರೆ, ಒಬ್ಬರಿಗೆ ಸಡಿಲಿಸಿದರೆ ಎಲ್ಲರಿಗೂ ಸಡಿಲಿಸಬೇಕು, ಆಮೇಲೆ ವರ್ಗಗಳೇಕೆ ಎಂದು ಸಾಕಷ್ಟು ಹೊತ್ತು ವಿವರಿಸಿದೆ. ವಾದದಲ್ಲಿ ಈಗಲೂ ನನಗೆ ತಪ್ಪು ಕಾಣುವುದಿಲ್ಲ. ಅದೇ ಅದರ ದೊಡ್ಡ ತಪ್ಪು.

"ಹಾಂಗಾದ್ರ ನಾ ಏನ್ ಮಾಡ್ಲಿ?" ಎಂದು ಕೇಳಿದರು.

"ಯೋಧನಿಗೆ ಮುಲಾಮು ಹಚ್ಚಿ."

ಹಚ್ಚಿದರು. ದಾಳ ಚೆನ್ನಾಗಿಯೇ ಬಿತ್ತು. ಯೋಧ ಎದ್ದು ಒಂದೇ ಏಟಿಗೆ ರಾಕ್ಷಸನನ್ನು ಕೆಡವಿದ. ನಾನು ಆ ಏಟನ್ನು ಸವಿಸ್ತಾರವಾಗಿ ವರ್ಣಿಸಿದೆ. ವೈದ್ಯ ಆ ವರ್ಣನೆಯಲ್ಲಿ ಇರಲಿಲ್ಲ.

ಶಹಾಡ್‌ನವರು ತಮ್ಮ ಕಾಗದ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ದನಿ ಏರಿಸದೆ ಅಂದರು: "ಸರ, ಗಾಡ್ಯಾಗ ಡೊಂಬಿವಲಿ ಬಂತಂದ್ರ ನಾ ಸರೀತೀನಲ್ಲ, ಅದು ರೂಲ್ ಅಲ್ರೀ. ನಾ ಸರೀತೀನಿ, ಅಷ್ಟ."

ನಾನು ನೋಟ್‌ಬುಕ್ ಮುಚ್ಚಿದೆ. "ಮುಂದಿನ ಭಾನುವಾರ ಎರಡೂವರೆಗೆ" ಎಂದೆ.

ಸೋಮವಾರ ಡೊಂಬಿವಲಿಯಲ್ಲಿ ಗಾಡಿ ಹತ್ತಿದೆ. ಅವರು ಮೂರನೇ ಜಾಗದಲ್ಲಿದ್ದರು. "ನಮಸ್ಕಾರ್ರಿ ಸರ" ಎಂದರು. ನಾನು ಸ್ವಲ್ಪ ಹೊತ್ತು ಕಾದೆ. ಸರಿಯಲಿಲ್ಲ. ಅಂಚಿನಲ್ಲಿ ಗೇಣಗಲ ಜಾಗ ಉಳಿದಿತ್ತು, ಕೂತೆ. ಮುಂಬ್ರಾ ದಾಟುವಷ್ಟರಲ್ಲಿ ಒಂದು ಕಾಲು ಮರಗಟ್ಟಿತು. ಹನ್ನೊಂದು ವರ್ಷ ಅವರ ಕಾಲು ಮರಗಟ್ಟಿತ್ತೇ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆಗಲೂ ಕೇಳಲಿಲ್ಲ. ಹಾಗೆ ಕೇಳಿದರೆ ನನ್ನ ಕಾಲು ಮರಗಟ್ಟಿದೆಯೆಂದು ಒಪ್ಪಿಕೊಂಡಂತಾಗುತ್ತಿತ್ತು.

ಅವರು ಆಟಕ್ಕೆ ಮತ್ತೆ ಬರಲಿಲ್ಲ. ವೈದ್ಯನಿಲ್ಲದೆ ಯೋಧ ಮೂರನೇ ವಾರಕ್ಕೆ ಸತ್ತ. ಹೊಸ ಪಾತ್ರ ಬರೆದುಕೊಳ್ಳಿ ಎಂದರೆ ಮ್ಯಾನೇಜರು, "ಭಾನುವಾರ ಹೋಟೆಲಿನಲ್ಲಿ ರಶ್ಶು" ಎಂದರು. ನಾಲ್ಕು ವರ್ಷ ಇಲ್ಲದ ರಶ್ಶು.

ಶಹಾಡ್‌ನವರು ತಮ್ಮ ಮನೆಯಲ್ಲಿ ಆಡುತ್ತಿದ್ದಾರೆಂದು ತಿಳಿದದ್ದು ತಂಗಿಯ ಮಗಳಿಂದ. ಅವಳೂ ಅಲ್ಲಿಗೇ ಹೋಗುತ್ತಿದ್ದಳು. ಅಲ್ಲಿ ವರ್ಗಗಳೇ ಇಲ್ಲವಂತೆ; ಬೇಕಾದವರು ಬೇಕಾದ್ದು ಎತ್ತಿಕೊಳ್ಳಬಹುದು.

"ಹಾಗಾದರೆ ಮುಲಾಮು ಯಾರು ಹಚ್ಚುವುದು?" ಎಂದು ಕೇಳಿದೆ. ಗೆದ್ದೆನೆಂದುಕೊಂಡಿದ್ದೆ.

"ಬಾರೀ ಬಾರೀ ಸೇ, ಮಾಮಾ."

ಪಾಳಿಯ ಮೇಲೆ. ನಾನು ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆ. ಅದು ಸಮತೋಲದಲ್ಲಿಲ್ಲ. ಯಾವ ರೀತಿಯಲ್ಲಿ ಹಾಕಿದರೂ ಇಲ್ಲ.

ಶಹಾಡ್‌ನಲ್ಲಿ ಪ್ರತಿ ಭಾನುವಾರ ಆಟ ನಡೆಯುತ್ತದೆ. ಡೊಂಬಿವಲಿಯಲ್ಲಿ ನಡೆಯುವುದಿಲ್ಲ.